ಜೇಡಿ ಮೆತ್ತಿದವರು ಯಾರು

ಹೋದ ತಿಂಗಳು ನಮ್ಮ ಲೇಸರ್ ಕೋಣೆಯ ಹೊರಗೆ ನೀರಿನ ಕೊಳವೆ ಸೋರಿತು. ವರಾಂಡದ ಧೂಳುನೆಲದ ಮೇಲೆ ನೀರು ಎತ್ತ ಹೋಗಲೆಂದು ತಿಳಿಯದೆ ತುಸುಹೊತ್ತು ಹರಡಿ ನಿಂತಿತು. ಆಮೇಲೆ ಒಂದು ಎಳೆ ಮೆಲ್ಲಗೆ ಹೊರಟಿತು. ಧೂಳು ನೆನೆದ ವಾಸನೆ ಬಂತು ನೋಡಿ, ಪ್ಲಂಬರನನ್ನು ಕರೆಯಬೇಕಾದ ನಾನು ಚಿಕ್ಕಂದಿಗೆ ಜಾರಿ ನಮ್ಮೂರು ಧನಗೆರೆಯ ಹಿಪ್ಪುನೇರಳೆ ತೋಟದಲ್ಲಿ ನಿಂತುಬಿಟ್ಟಿದ್ದೆ.

ನನ್ನ ಕಸುಬನ್ನು ನಿಮಗೆ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ಕಣ್ಣೆವೆ ಮಿಟುಕಿಸುವುದೇ ಯುಗವೆನಿಸುವಷ್ಟು ಚಿಕ್ಕದಾದ ಒಂದು ಲೇಸರ್ ಮಿಡಿತವನ್ನು ಲೋಹದ ಚೂರಿನ ಮೇಲೆ ಬಿಡುತ್ತೇವೆ. ಲೋಹ ಆ ಗಳಿಗೆಯಲ್ಲೇ ದಟ್ಟವಾದ ಪ್ಲಾಸ್ಮಾ ಆಗುತ್ತದೆ, ಅದರೊಳಗೆ ಎಲೆಕ್ಟ್ರಾನುಗಳ ಹೊಳೆ ನುಗ್ಗುತ್ತದೆ. ನುಗ್ಗಿದ್ದು ನೆಟ್ಟಗೆ ಹೋಗುವುದಿಲ್ಲ, ಚೆಲ್ಲಾಪಿಲ್ಲಿಯಾಗುತ್ತದೆ. ಅದನ್ನು ಒಂದು ಜಾಡಿನಲ್ಲಿ ಹಿಡಿದಿಡುವುದೇ ನನ್ನ ಕೆಲಸ. ಒಂದು ಲೋಹದೊಳಗೆ ಇನ್ನೊಂದರ ತಂತಿ ಹುದುಗಿಸಿದರೆ, ಎರಡೂ ಸೇರುವ ಅಂಚಿನಲ್ಲಿ ಕಾಂತಕ್ಷೇತ್ರ ಹುಟ್ಟಿ ಹೊಳೆಗೆ ದಂಡೆಯಾಗುತ್ತದೆ.

ಈ ಉಪಾಯ ಹೊಳೆದದ್ದು ಹೇಗೆಂದು ಯಾರು ಕೇಳಿದರೂ ನಾನು ಚಿಕ್ಕವ್ವನ ಕಥೆ ಹೇಳುತ್ತಿದ್ದೆ. ಮರಳುನೆಲದಲ್ಲಿ ನೀರು ಹಾಯಿಸುವಾಗ ಆಕೆ ಕಾಲುವೆಯ ಎರಡೂ ಬದಿಗೆ ಜೇಡಿಮಣ್ಣು ಮೆತ್ತುತ್ತಿದ್ದಳು; ಕೈಬಳೆಯ ಮೇಲೂ ಜೇಡಿ, ಮಧ್ಯಾಹ್ನದ ಬಿಸಿಲು, ಎಲೆಗಳ ನಡುವೆ ಬೆಳ್ಳಗೆ ಜಾರುವ ನೀರು. ನನ್ನ ಉಪನ್ಯಾಸದ ಮೊದಲ ಚಿತ್ರವೇ ಅದು. ಸಭಿಕರು ಅಲ್ಲಿ ತಪ್ಪದೆ ಮುಗುಳ್ನಗುತ್ತಿದ್ದರು.

ತೊಂದರೆಯೆಂದರೆ, ನಮ್ಮ ದಂಡೆ ನಿಲ್ಲುತ್ತಿರಲಿಲ್ಲ. ನನ್ನ ವಿದ್ಯಾರ್ಥಿನಿ ನಂದಿನಿ ಮೂರು ವರ್ಷದಿಂದ ತಂತಿಯ ಮೇಲೆ ತಂತಿ ಹುದುಗಿಸಿ ಸೋತಿದ್ದಳು. ಅವಳ ಪಿಎಚ್.ಡಿ. ಅದಕ್ಕೇ ನೇತುಬಿದ್ದಿತ್ತು. "ಸರ್, ಮೊದಲು ಸಣ್ಣದೊಂದು ಮಿಡಿತ, ಆಮೇಲೆ ದೊಡ್ಡದು ಬಿಡೋಣ. ಬೇರೆಯವರು ಮಾಡಿದ್ದಾರೆ," ಎಂದು ಎರಡು ಸಲ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಜೇಡಿಯ ಮೇಲೆ ನನಗೆ ಅಷ್ಟು ಮೋಹ.

ಯಾರೂ ದಂಡೆ ಕಟ್ಟದೆಯೇ ಜಾಡು ಹಿಡಿದು ಹೋಗುತ್ತಿದ್ದ ಆ ಸೋರುವ ನೀರಿನ ಎದುರು ಒಂದು ಸಂಶಯ ಎದ್ದಿತು. ಯಾವ ಮಾತಿಗೂ ಪುರಾವೆ ಕೇಳುವ ನಾನು ಈ ಒಂದು ಕಥೆಗೆ ಕೇಳಿಯೇ ಇಲ್ಲವಲ್ಲ! ಶನಿವಾರ ಕೊಳ್ಳೇಗಾಲದ ಬಸ್ಸು ಹತ್ತಿದೆ.

ಚಿಕ್ಕವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ವಿಷಯ ಎತ್ತಿದ್ದೇ ತಡ, ಮೊರ ಪಕ್ಕಕ್ಕಿಟ್ಟಳು.

"ಜೇಡಿಯಾ? ನಾನ್ಯಾಕ್ಲಾ ಮೆತ್ತಲಿ? ನಂಗೇನ್ ಬ್ಯಾರೆ ಗೇಮೆ ಇರ್ನಿಲ್ವಾ?"

"ನೀನೇ ಮೆತ್ತಿದ್ದು ಚಿಕ್ಕವ್ವ, ನಂಗೆ ಚೆನ್ನಾಗಿ ನೆಪ್ಪದೆ."

"ನಿನ್ ನೆಪ್ಪಿಗಷ್ಟು ಬೆಂಕಿ ಆಕ! ಮೆತ್ತಿದ್ದು ನೀನು ಕಣ್ಲಾ. ಕೆರೆಯಿಂದ ಜೇಡಿ ಒತ್ಕಂಡ್ ಬಂದು ಮದ್ಯಾನಗಂಟ ಮೆತ್ದೆ. ನೀರು ಬುಟ್ಟೇಟ್ಗೆ ಎಲ್ಲಾ ಕಿತ್ಕಂಡು ಓಯ್ತು. ಬದಿನ ಮ್ಯಾಲೆ ಕುಂತ್ಕಂಡು ಒಂದೇ ಸಮ ಅತ್ತೆ!"

ಮೊರದಿಂದ ಒಂದು ಅವರೆಕಾಯಿ ಎತ್ತಿಕೊಂಡು ಸುಲಿದೆ. ಆಮೇಲೆ ಕೇಳಿದೆ: "ಮತ್ತೆ ನೀನು ಹೆಂಗೆ ನೀರು ಕಟ್ತಿದ್ದೆ?"

"ಮೊದ್ಲು ವಸಿ ನೀರ ಬುಟ್ಟು ಕಾಲ್ವೆಗೆ ಕುಡುಸ್ಬೇಕು. ಅದು ನೆನ್ಕಂಡ್ ಮ್ಯಾಲೆ ಎಷ್ಟ್ ಜೋರಾಗಿ ಬುಟ್ರೂ ಅದೇ ಜಾಡಲ್ಲಿ ಓಯ್ತದೆ. ಒಣ್ಗಿದ್ ಕಾಲ್ವೆಗೆ ಒಂದೇ ಏಟ್ಗೆ ಬುಟ್ರೆ ಚೆಲ್ಲಾಡ್ಬುಡ್ತದೆ. ಇಷ್ಟೂ ತಿಳೀದೆ ಅದೇನ್ ಪಾಠ ಏಳ್ಕೊಡ್ತಿಯಪ್ಪಾ?"

ಅವಳು ಮತ್ತೆ ಮೊರ ಎಳೆದುಕೊಂಡಳು. ಅವಳ ಮಾತನ್ನು ಅಲ್ಲೇ ಬಸ್ಸಿನ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ನನ್ನ ತಲೆಯನ್ನು ಇನ್ನು ನಂಬುವ ಹಾಗಿರಲಿಲ್ಲ. ಬೇಕಾದ ಮಾತನ್ನೇ ಈ ಸಲವೂ ಕೇಳಿಸಿಕೊಂಡೆನೇ ಎಂಬ ಅನುಮಾನ ವಾಪಸು ದಾರಿಯುದ್ದಕ್ಕೂ ಕಾಡಿತು. ಟಿಕೆಟ್ಟು ತೆಗೆದು ತೆಗೆದು ಓದಿದೆ. ಕಿಟಕಿಯಾಚೆ ಬಿಳಿಗಿರಿರಂಗನ ಬೆಟ್ಟ ಮಂಜಿನಲ್ಲಿ ಕರಗಿ ಕರಗಿ ಮತ್ತೆ ಮೂಡುತ್ತಿತ್ತು. ನನ್ನ ಸೋಲನ್ನು ಅವಳ ಜಾಣ್ಮೆಯೆಂದು ಇಷ್ಟು ವರ್ಷ ಊರೂರಲ್ಲಿ ಹೇಳಿಕೊಂಡು ತಿರುಗಿದ್ದೆ. ಅದಿರಲಿ, ಅವಳ ನಿಜವಾದ ಜಾಣ್ಮೆ ನಂದಿನಿಯ ಬಾಯಲ್ಲಿ ಬಂದಾಗ ಬೇಡವೆಂದಿದ್ದೆ.

ಸೋಮವಾರ ನಂದಿನಿಗೆ ಟಿಕೆಟ್ಟು ತೋರಿಸಿ, "ನೀನು ಹೇಳಿದ್ದೇ ಸರಿಯಮ್ಮ," ಎಂದೆ.

ಅವಳು ನಿಧಾನವಾಗಿ ಓದಿದಳು. "ನಾನು ಹೇಳಿದಾಗ ಯಾಕೆ ಸರಿ ಅನ್ನಿಸಲಿಲ್ಲ ಸರ್?"

ತಪ್ಪಾಯಿತು ಎಂದೆ.

ಮೊದಲು ಸಣ್ಣ ಮಿಡಿತ, ಹಿಂದೆಯೇ ದೊಡ್ಡದು. ಮೊದಲನೆಯದು ಬಿಟ್ಟುಹೋದ ಕಾಂತಕ್ಷೇತ್ರದ ಜಾಡು ಹಿಡಿದು ಎರಡನೆಯ ಹೊಳೆ ನಡೆಯಿತು. ಪರದೆಯ ಮೇಲೆ ಅಂಗೈಯಗಲ ಹರಡುತ್ತಿದ್ದ ಎಲೆಕ್ಟ್ರಾನುಗಳ ಕಲೆ ಹುಣಿಸೆಬೀಜದಷ್ಟಾಯಿತು. ಪವಾಡವೇನಲ್ಲ, ನಾಳೆ ಮತ್ತೆ ಚೆಲ್ಲಬಹುದು. ಆದರೂ ನಂದಿನಿ ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದಳು.

ಹೊರಗೆ ಕೊಳವೆ ರಿಪೇರಿಯಾಗಿದೆ. ನೀರು ಹರಿದ ಗೆರೆ ಮಾತ್ರ ಧೂಳಿನಲ್ಲಿ ಹಾಗೇ ಇದೆ, ಗುಡಿಸಬೇಡಿ ಎಂದಿದ್ದೇನೆ. ಉಪನ್ಯಾಸದ ಮೊದಲ ಚಿತ್ರವನ್ನೂ ಬದಲಿಸಿದೆ. ಬದುವಿನ ಮೇಲೆ ಮೊಣಕೈವರೆಗೂ ಜೇಡಿ ಮಾಡಿಕೊಂಡು ಅಳುವ ಹುಡುಗನೊಬ್ಬ ಕೂತಿದ್ದಾನೆ. ಸಭಿಕರು ಈಗಲೂ ನಗುತ್ತಾರೆ. ಅವನು ಯಾರೆಂದು ನಾನು ಹೇಳುತ್ತೇನೆ.