ಕರುವಿನ ಕತೆ ಅಳಿಸುವ ಮೊದಲು

ತಮಿಳುನಾಡಿನ ತೇನಿ ಸೀಮೆಯ ಕಾಮಯಗೌಂಡನ್‌ಪಟ್ಟಿಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಧೂಳು ಹೊಡೆಯುವುದು, ಪೇಪರು ಓದಲು ಬಂದು ಗೊರಕೆ ಹೊಡೆಯುವವರನ್ನು ಎಬ್ಬಿಸುವುದು ಎಲ್ಲ ಜೆಯಂತಿಯದೇ ಕೆಲಸ. ಈ ಬೇಸಿಗೆಯಲ್ಲಿ ಅದರ ಮೇಲೊಂದು ಹೊಸ ಕೆಲಸ ಬಂತು. ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವವರ ಮಕ್ಕಳು ರಜೆಯಲ್ಲಿ ಏನಾದರೂ ಕಲಿಯಲಿ ಎಂದು ಯಾರೋ ಪುಣ್ಯಾತ್ಮರು ಒಂದು ಟ್ಯಾಬ್ ಕೊಟ್ಟರು. ಅದರಲ್ಲಿ ಯಾವ ಆ್ಯಪ್ ಇರಬೇಕು, ಯಾವುದು ಬೇಡ ಎಂದು ಮೊದಲು ಆಡಿ ನೋಡುವವರು ಯಾರು? ಮತ್ತೆ ಜೆಯಂತಿಯೇ.

ಅವಳು ಹೆದರುವ ಪೈಕಿ ಅಲ್ಲ. ಕೂಡಿ ಕಳೆಯುವ ಆಟದಲ್ಲಿ ಮೂರನೇ ಕ್ಲಾಸಿನ ಯುವಶ್ರೀಯ ಕೈಲಿ ಸೋತು ಮುಖ ಊದಿಸಿಕೊಂಡಳು. ಚಿತ್ರದ ಆ್ಯಪಿನಲ್ಲಿ ಆನೆ ಬಿಡಿಸಲು ಹೋಗಿ ಹಂದಿ ಬಂದಾಗ, ಹಂದಿಯನ್ನೇ ಬಿಡಿಸಿದ್ದು ಎಂದು ಮಕ್ಕಳ ಹತ್ತಿರ ಸಾಧಿಸಿದಳು. ಜೆಯಂತಿಯವರದು ಮನೆಯಲ್ಲಿ ತಲೆತಲಾಂತರದಿಂದ ಕನ್ನಡ ಆಡಿ, ಬರೆಯುವುದೆಲ್ಲ ತಮಿಳಿನಲ್ಲೇ ಬರೆಯುವ ಜನ. ನಲವತ್ತು ದಾಟಿದ ಮೇಲೆ ಕನ್ನಡ ಅಕ್ಷರ ಕಲಿಸುವ ಆ್ಯಪಿನಲ್ಲಿ ಬೆರಳಿಂದ ‘ಅ’ ತಿದ್ದುವಾಗ ನಾಚಿಕೆಯೂ ಆಯಿತು, ಕಣ್ಣಲ್ಲಿ ನೀರೂ ಬಂತು.

ಎಲ್ಲಕ್ಕಿಂತ ಹಿಡಿಸಿದ್ದು ಕತೆ ಕಟ್ಟುವ ಆ್ಯಪ್. ಹೇಳಿದ ಕತೆಯನ್ನು ದನಿ ಸಮೇತ ಅದು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಚಿತ್ರ ಬಿಡಿಸಬಹುದು, ಕೇಳಿದವರು ತಮ್ಮ ದನಿಯಲ್ಲೇ ಉತ್ತರ ಕಳಿಸಬಹುದು. ಜೆಯಂತಿ ಅತ್ತೆ ವೀರಮ್ಮಾಳನ್ನು ಕೂರಿಸಿ ಒಂದು ಕತೆ ಹೇಳಿಸಿದಳು. ಒಂದು ಕೊಟ್ಟಿಗೆಯಲ್ಲಿ ಅಕ್ಕ ತಂಗಿ ಎರಡು ಕರು, ಅವಕ್ಕೊಬ್ಬ ಅಣ್ಣ ಹೋರಿ. ತಂಗಿ ಕರುವಿನ ಎಡಗಿವಿ ಸೀಳಿತ್ತು. ಅದಕ್ಕೆ ಬೆಟ್ಟದ ಹುಲ್ಲಿನ ಆಸೆ, ಅಣ್ಣ ಬಿಡಲೊಲ್ಲ. ಅಕ್ಕ ಹಲ್ಲಿನಿಂದ ಅದರ ಹಗ್ಗ ಕಡಿದು, ಬೆಟ್ಟದ ಬುಡದ ಬತ್ತಲಗುಂಡಿನವರೆಗೆ ಜೊತೆಗೆ ಹೋಗಿ, ಕೊಡೈಕನಾಲ್ ಘಾಟಿ ಹತ್ತಿಸಿ ಬಂತು. ಕತೆ ಸೊಗಸಾಗಿದೆ ಎಂದು ಜೆಯಂತಿ ಊರ ಹೆಸರನ್ನೂ ಸೇರಿಸಿ ಎಲ್ಲರೂ ಕೇಳುವಂತೆ ಬಿಟ್ಟುಬಿಟ್ಟಳು.

ಅಷ್ಟು ಧೈರ್ಯ ಅವಳಿಗೆ ಬಂದದ್ದು ಒಂದು ಹಳೆಯ ಅಭ್ಯಾಸದಿಂದ. ತೇನಿ ಬಸ್ಸಿನಲ್ಲಿ ಪಕ್ಕದವಳ ಮೂಗುತಿಯನ್ನು ಆಡಿಕೊಳ್ಳಲು, ಜವಳಿ ಅಂಗಡಿಯಲ್ಲಿ ಈ ಸೀರೆ ಬೇಡ ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳಲು ಅವರೆಲ್ಲ ಥಟ್ಟನೆ ಕನ್ನಡಕ್ಕೆ ಹೊರಳುತ್ತಾರೆ. ಆ ಮಾತಿನಲ್ಲಿ ಹೇಳಿದ್ದು ಬೀಗ ಹಾಕಿ ಇಟ್ಟಂತೆ, ಮನೆಯವರ ಹೊರತು ಯಾರಿಗೂ ತಿಳಿಯದು. ತಿಳಿಯಬಾರದವರು ಮನೆಯವರೇ ಆಗಿದ್ದರೆ ಏನು ಗತಿ ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಇಡ್ಲಿ ಬಡಿಸುತ್ತ ಹೆಮ್ಮೆಯಿಂದ ಹೇಳಿದಳು: “ಅತ್ತೇ, ನಿಮ್ ಕದೇನ ಎಲ್ಲಾರೂ ಕೇಳ್ತಾವ್ರೆ.”

ವೀರಮ್ಮಾಳ್ ಕೈಯ ತುತ್ತು ತಟ್ಟೆಗೆ ಬಿತ್ತು. “ಎಲ್ಲಾರೂನಾ? ನಿನ್ ಪೆಟ್ಟಿ ಒಳ್ಗೇ ಇರ್ತೈತೆ ಅಂದ್ಕೊಂಡು ಹೇಳ್ದೆನಲ್ಲೆ! ಅದು ಕರು ಅಲ್ಲಡೀ. ನನ್ ತಂಗಿ ಮುನಿಯಮ್ಮಾಳು.”

ಮುನಿಯಮ್ಮಾಳ್ ಎಂಬ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬೇರೆ ಜಾತಿಯವನ ಜೊತೆ ಬೆಟ್ಟಕ್ಕೆ ಓಡಿಹೋದವಳು. ಅಣ್ಣ ರಾಮಸಾಮಿ ಬದುಕಿದ್ದ ತಂಗಿಗೆ ಎಳ್ಳುನೀರು ಬಿಟ್ಟು, ಅವಳನ್ನು ಕಳಿಸಿದವರು ಯಾರೇ ಆಗಲಿ ತನ್ನ ಹೊಸಿಲು ತುಳಿಯಕೂಡದು ಎಂದು ಆಣೆ ಇಟ್ಟಿದ್ದ. ಕಳಿಸಿದವಳು ವೀರಮ್ಮಾಳ್ ಎಂದು ಅವನಿಗೆ ಇಂದಿಗೂ ಗೊತ್ತಿಲ್ಲ. ಪ್ರತಿ ಪೊಂಗಲ್‌ಗೆ ಸೀರೆ, ಕಬ್ಬು, ಬೆಲ್ಲ ಹೊತ್ತು ತಾನೇ ಅವಳ ಬಾಗಿಲಿಗೆ ಬರುತ್ತಾನೆ.

“ಸಾಯೋ ಮುಂಚೆ ಒಂದ್ ತಡವೆ ಬಾಯ್ಬಿಟ್ಟು ಹೇಳ್ಬೇಕು ಅನ್ನಿಸ್ತು,” ಎಂದು ಮುದುಕಿ ಅತ್ತಳು. “ಅಣ್ಣನ್ಗೆ ತಿಳಿದ್ರೆ ನನ್ಗೆ ತವ್ರು ಇಲ್ಲ ಜೆಯಂತಿ.”

ಯುವಶ್ರೀ ರಾಮಸಾಮಿಯ ಮೊಮ್ಮಗಳು! ಅಮ್ಮನ ಫೋನಿನಲ್ಲಿ ದಿನಾ ಇದೇ ಕತೆಗಳನ್ನು ಹಾಕಿಕೊಂಡು ಕೂರುವವಳು. ಟ್ಯಾಬು ಗ್ರಂಥಾಲಯದ ಬೀರುವಿನಲ್ಲಿತ್ತು. ಜೆಯಂತಿ ತಲೆ ಕೂಡ ಬಾಚದೆ ಓಡಿದಳು.

ಬೀಗಕ್ಕೆ ಕೀಲಿ ಕೂರದೆ ಸತಾಯಿಸಿತು. ಕತೆಯ ಪುಟ ತೆರೆದರೆ ಮೂಲೆಯಲ್ಲೊಂದು ಕೆಂಪು ಗುರುತು, ಯಾರೋ ಉತ್ತರ ಕಳಿಸಿದ್ದರು. ಅದನ್ನು ನೋಡಲು ಪುರುಸೊತ್ತೆಲ್ಲಿ? ಅಳಿಸುವ ಗುಂಡಿಗಾಗಿ ತಡಕಾಡುತ್ತಿದ್ದಾಗ ಬಾಗಿಲಲ್ಲಿ ಎರಡು ಸಲ ಗಂಟಲು ಕಿತ್ತು ಬರುವಂಥ ಕೆಮ್ಮು ಕೇಳಿಸಿತು. ಊರಲ್ಲಿ ಹಾಗೆ ಕೆಮ್ಮುವವನು ಒಬ್ಬನೇ.

“ಬನ್ನಿ ಮಾಮಾ,” ಎಂದಳು.

ರಾಮಸಾಮಿ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕೂತ. “ಯುವಶ್ರೀ ಒಂದ್ ಕದೆ ಕೇಳಿಸ್ದಳು. ವೀರಿ ದನಿ. ಇನ್ನೊಂದ್ ತಡವೆ ಹಾಕು.”

“ನೆಟ್ ಇಲ್ಲ ಮಾಮಾ.”

“ಸುಳ್ ಹೇಳ್ಬ್ಯಾಡ.”

ಅವಳ ಬೆರಳು ಅಳಿಸುವ ಗುಂಡಿಯ ಮೇಲೇ ಇತ್ತು. ಒತ್ತಿದರೆ ಕತೆ ಹೋಗುತ್ತದೆ, ಇವನು ಕೇಳಿದ್ದು ಹೋಗುವುದಿಲ್ಲ. ತನ್ನ ಮೇಲೇ ಅವಳಿಗೆ ರೇಗಿತು. “ತಪ್ಪೆಲ್ಲಾ ನಂದು ಮಾಮಾ. ಅತ್ತೆ ಸುಮ್ನೆ ಒಂದ್ ಕರು ಕದೆ...”

“ಎಡಗಿವಿ ಸೀಳ್ದೋನು ನಾನು,” ಎಂದ ರಾಮಸಾಮಿ. “ಚಿಕ್ಕೋರಾಗಿದ್ದಾಗ ಜಗ್ಳದಲ್ಲಿ ಓಲೆ ಹಿಡ್ದು ಎಳ್ದೆ. ನನ್ಗೆ ತಿಳೀದಾ ಅದ್ ಯಾವ್ ಕರು ಅಂತ?”

ಅತ್ತೆಯ ತವರು ಮುಗಿಯಿತು, ಅದನ್ನು ಮುಗಿಸಿದವಳು ತಾನು ಎಂದುಕೊಂಡಳು ಜೆಯಂತಿ. ಅವನು ಬಗ್ಗಿ ಪರದೆ ನೋಡಿದ.

“ಕೆಂಪಗೆ ಅದೇನು?”

“ಯಾರೋ ಉತ್ರ ಕಳ್ಸವ್ರೆ.”

“ಒತ್ತು.”

ಒತ್ತಿದಳು. ವಯಸ್ಸಾದ ಹೆಣ್ಣಿನ ದನಿ, ಇವರದೇ ಮನೆಮಾತು, ಬಹಳ ವರ್ಷ ಆಡದೆ ತಡವರಿಸುವಂತಿತ್ತು. “ಅಕ್ಕಾ... ನನ್ ಮಗಳು ಊರ್ ಹೆಸ್ರು ಹಾಕಿ ಹುಡ್ಕಿ ತೆಗ್ದಳು. ನಿನ್ ದನಿ ಗೊತ್ತಾಯ್ತು. ಕರು ಬದ್ಕೈತೆ ಅಕ್ಕಾ, ಮುದಿ ಆಗೈತೆ. ಅಣ್ಣ ಹೆಂಗವ್ನೆ? ಆ ಕೆಮ್ಮು ಇನ್ನೂ ಐತಾ?”

ದನಿ ನಿಂತಿತು. ರಾಮಸಾಮಿ ಟವೆಲಿನಿಂದ ಮುಖ ಮುಚ್ಚಿಕೊಂಡ. ಕಿಟಕಿಯಾಚೆ, ಒಳಗೆ ಬರಲು ಧೈರ್ಯ ಸಾಲದೆ, ವೀರಮ್ಮಾಳ್ ಗೋಡೆ ಹಿಡಿದು ನಿಂತಿದ್ದಳು.

“ಹೊರ್ಗ್ ಯಾಕ್ ನಿಂತವ್ಳೆ ವೀರಿ? ಒಳಗ್ ಬರೋಕ್ ಹೇಳು,” ಎಂದ ರಾಮಸಾಮಿ ಟವೆಲಿನ ಅಂಚಿನಿಂದ ಕಿಟಕಿಯತ್ತ ನೋಡುತ್ತ. ಆಮೇಲೆ, “ಇದ್ಕೆ ಉತ್ರ ಹೇಳ್ಬೇಕಂದ್ರೆ ಎಲ್ಲಿ ಒತ್ಬೇಕು?”

ಜೆಯಂತಿ ತೋರಿಸಿದಳು. ಅವನು ಟ್ಯಾಬನ್ನು ಬಾಯಿ ಹತ್ತಿರ ಹಿಡಿದ, ತುಟಿ ಅಲುಗಿತು, ಮಾತು ಬರಲಿಲ್ಲ. ಎರಡು ಸಲ ಕೆಮ್ಮಿದ, ಅಷ್ಟೆ.

“ಅಳಿಸಿ ಇನ್ನೊಂದ್ ತಡವೆ ಹೇಳ್ತೀರಾ ಮಾಮಾ?”

“ಬ್ಯಾಡ. ಅದನ್ನೇ ಕಳ್ಸು,” ಎಂದ. “ಅವ್ಳು ಕೇಳಿದ್ದು ಅದನ್ನೇ ಅಲ್ವಾ.”