ವೈನಿಯ ಹಲ್ಲುನೋವು ಮತ್ತು ಅಣ್ಣನ ಗೇರ್ ಸೈಕಲ್ಲು

ಕಮಲಾಪುರದ ನನ್ನ ತವರುಮನೆಯ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಗೊಬ್ಬರದ ಚೀಲ, ಔಷಧ ಹೊಡೆಯುವ ಪಂಪು, ಮುರಿದ ಕುರ್ಚಿಗಳು ತುಂಬಿಕೊಂಡಿವೆ. ತೊಲೆಗೆ ಗೋಣಿಚೀಲ ಸುತ್ತಿದ ಒಂದು ಗಂಟು ತೂಗಾಡುತ್ತಿತ್ತು. ಅದರೊಳಗಿದ್ದದ್ದು ನಮ್ಮಣ್ಣ ಕಾಲೇಜಿಗೆ ಹೋಗುವಾಗ ಕೊಂಡಿದ್ದ ಗೇರ್ ಸೈಕಲ್ಲು. ಗುಡ್ಡ ಹತ್ತುವ ಸೈಕಲ್ಲು ಎಂದು ಆಗಷ್ಟೇ ಪೇಟೆಗೆ ಬಂದಿದ್ದ, ದಪ್ಪ ಟೈರಿನ ಮಾದರಿ. ಗಾಲಿಗಳು ಯಾರದೋ ತಳ್ಳುಗಾಡಿಗೆ ಹೋಗಿದ್ದವು. ಹ್ಯಾಂಡಲ್ಲು, ಸೀಟು ಏನಾದವೋ ಯಾರಿಗೂ ನೆನಪಿಲ್ಲ. ಬರೀ ಫ್ರೇಮು ಮತ್ತು ಮುಂದಿನ ಗಾಲಿ ಹಿಡಿಯುವ ಚಿಮಟ ಉಳಿದಿದ್ದವು.

ಆ ಸೈಕಲ್ಲನ್ನು ನಾನು ಒಮ್ಮೆಯೂ ಹತ್ತಿರಲಿಲ್ಲ. "ಹುಡುಗ್ಯಾರು ಕುಂತ್ರ ಗೇರ್ ಕೆಡ್ತಾವ," ಎಂದು ಅಣ್ಣ ಆಗಲೇ ಕಾನೂನು ಮಾಡಿದ್ದ. ಅದರ ಮೇಲೆ ಮಹಾಗಾಂವದಿಂದ ಕಮಲಾಪುರಕ್ಕೆ ಬಸ್ಸಿನ ಜೊತೆ ಪಂದ್ಯ ಕಟ್ಟಿ ಗೆದ್ದ ಕಥೆಯನ್ನು ಮಾತ್ರ ಇಡೀ ಊರು ಕೇಳಿದೆ. ವೈನಿ, ಅಂದರೆ ಅವನ ಹೆಂಡತಿ, ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. "ವರ್ಷಾ ವರ್ಷಾ ಆ ಬಸ್ಸಿನ ಸ್ಪೀಡ್ ಹೆಚ್ಚಾಗಾಕತ್ತದ ನೋಡು," ಎಂದು ನನ್ನ ಕಿವಿಯಲ್ಲಿ ಹೇಳುತ್ತಾಳೆ.

ನಾನಿರುವುದು ಕಲಬುರಗಿಯ ಐವಾನ್-ಎ-ಶಾಹಿ ಕಡೆ. ದಿನವಿಡೀ ಕಚೇರಿಯ ಕುರ್ಚಿಯಲ್ಲಿ ಕೂತು ಮೊಣಕಾಲು ಹಿಡಿದುಕೊಂಡಿದ್ದವು. ಡಾಕ್ಟರು ಸೈಕಲ್ ತುಳಿಯಿರಿ ಎಂದರು. ಹೊಸದು ಕೊಳ್ಳುವ ಮೊದಲು ಫೋನಿನಲ್ಲಿ ಹಳೇ ಸೈಕಲ್ಲುಗಳನ್ನು ಬಿಚ್ಚಿ ಜೋಡಿಸುವವರ ವೀಡಿಯೊ ನೋಡುತ್ತ ಕೂತೆ. ಅಲ್ಲಿಗೆ ಕೆಟ್ಟೆ.

"ಅಣ್ಣಾ, ಆ ಫ್ರೇಮ್ ನನಗ ಕೊಡು. ನಾ ಕೂಡಸ್ತೀನಿ," ಎಂದು ಊರಿಗೆ ಹೋದಾಗ ಕೇಳಿದೆ.

"ಯಾರೂ ಮುಟ್ಟಬ್ಯಾಡ್ರಿ ಅದಕ್ಕ. ಮುಂದಿನ ದೀಪಾವಳಿಗಿ ನಾನೇ ಕೂಡಸ್ತೀನಿ," ಎಂದ. ಎಷ್ಟೋ ದೀಪಾವಳಿಗಳಿಂದ ಇದೇ ಮಾತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ವೈನಿ ಬಾಗಿಲಿಗೆ ಬಂದು ನನ್ನ ಕಡೆ ನೋಡಿ ಕಣ್ಣು ಹೊಡೆದಳು.

ಅಣ್ಣ ಒಂದು ಮದುವೆಗೆ ಹೋದ ದಿನ ನಾವಿಬ್ಬರೂ ಏಣಿ ಹಾಕಿದೆವು. ಗಂಟು ಇಳಿಸಿ ಫ್ರೇಮು, ಚಿಮಟ ತೆಗೆದುಕೊಂಡೆವು. ತೊಲೆ ಬೋಳಾಗಿ ಕಾಣುತ್ತಿತ್ತು. ವೈನಿ ಸುತ್ತ ಕಣ್ಣಾಡಿಸಿ ಒಂದು ಮುರಿದ ಕಬ್ಬಿಣದ ಮಡಚು ಕುರ್ಚಿಯನ್ನು ಎತ್ತಿದಳು, ಅದನ್ನು ಅದೇ ಗೋಣಿಯಲ್ಲಿ ಸುತ್ತಿದಳು, ಅದೇ ಹಗ್ಗದಿಂದ ಅದೇ ಜಾಗದಲ್ಲಿ ನೇತುಹಾಕಿದಳು. ಕೆಳಗಿಳಿದು, ದೂರ ನಿಂತು, ತಲೆ ಓರೆ ಮಾಡಿ ನೋಡಿ, ಮತ್ತೆ ಹತ್ತಿ ಅದರ ಮೇಲೆ ಒಂದು ಹಿಡಿ ಧೂಳು ಉದುರಿಸಿ ಬಂದಳು. ಈಕೆಯ ಜೊತೆ ಎಂದೂ ಜಗಳ ಆಡಬಾರದು ಎಂದು ನನಗೆ ಅವತ್ತೇ ಅನ್ನಿಸಿತು.

ಬಸ್ಸಿನಲ್ಲಿ ಕಂಡಕ್ಟರ್ ಫ್ರೇಮನ್ನು ಮೇಲೆ ಕೆಳಗೆ ನೋಡಿದ. "ಅಕ್ಕಾರ, ಹೆಣ್ಮಕ್ಕಳಿಗಿ ಫ್ರೀ ಅದರಿ. ಇದಕ್ಕಿಲ್ಲ."

ಲಗೇಜಿನ ದುಡ್ಡು ಕೊಟ್ಟೆ.

"ಗಾಲಿಲ್ಲ, ಸೀಟಿಲ್ಲ. ಏನ್ ಮಾಡ್ತೀರಿ ಇದರದು?"

ಬಸ್ಸಿನಲ್ಲಿ ಅಣ್ಣನ ಪರಿಚಯದವರು ಇಬ್ಬರು ಕೂತಿದ್ದರು. "ಬಳ್ಳಿ ಹಬ್ಬಸ್ತೀನ್ರಿ," ಎಂದೆ.

"ಹೀರಿಕಾಯೋ ಹಾಗಲಕಾಯೋ?" ಎಂದು ಕೇಳಿದವನು ಕಲಬುರಗಿ ಮುಟ್ಟುವವರೆಗೆ ಹಾಗಲಬಳ್ಳಿಯ ಹುಳದ ಬಗ್ಗೆ ಪಾಠ ಹೇಳಿದ.

ಕೆಲಸ ನಮ್ಮ ಮಾಳಿಗೆಯ ಮೇಲೆ ಶುರುವಾಯಿತು. ವೈನಿಗೆ ಅದನ್ನು ಬಿಟ್ಟಿರಲಾಗಲಿಲ್ಲ. ವಾರವಾರ ಕಲಬುರಗಿಗೆ ಬರಲು ಒಂದು ನೆಪ ಬೇಕಿತ್ತು, ಹಲ್ಲುನೋವು ಎಂದಳು. ಪಾಪ, ಅಣ್ಣ ನಂಬಿದ. ಮನೆಯಲ್ಲಿ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಹತ್ತಿದ. ತೋಟದ ಕೆಂಪು ಬಾಳೆಹಣ್ಣಿನಲ್ಲಿ ಮೆತ್ತಗಿನದನ್ನೇ ಆರಿಸಿ ಆಕೆಗೆಂದು ತೆಗೆದಿಡುತ್ತಿದ್ದ. ಇಷ್ಟು ವರ್ಷ ಆಗದ ಉಪಚಾರ ಸುಳ್ಳು ಹಲ್ಲುನೋವಿಗೆ ಆಗಾಕತ್ತದ ಎಂದು ವೈನಿ ಖುಷಿಪಟ್ಟಳು.

ಪೆಡಲಿನ ಅಚ್ಚು ಕೂರುವ ಕೊಳವೆಯ ಬಲಬದಿಗೆ ತಿರುಪಿ ಕೂರಿಸಿದ ಬಟ್ಟಲು ಜಂಗು ತಿಂದು ಕೂತಿತ್ತು. ಸೀಮೆಎಣ್ಣೆ ಹೊಯ್ದೆವು, ಬೋಲ್ಟು ತಿರುಗಿಸುವ ಪಾನಾಕ್ಕೆ ಪೈಪು ಸಿಕ್ಕಿಸಿದೆವು, ವೈನಿ ಫ್ರೇಮಿನ ಮೇಲೆ ಕೂತಳು, ನಾನು ಜೋತುಬಿದ್ದೆ. ಅಲುಗಲಿಲ್ಲ.

"ಉಲ್ಟಾ ತಿರುವಿ ನೋಡೂಣು," ಎಂದಳು.

"ಉಲ್ಟಾ ತಿರುವಿದ್ರ ಇನ್ನಾ ಬಿಗಿ ಆಗ್ತದ ವೈನಿ."

"ಈಗೇನು ಸಡ್ಲ ಆಗ್ಯಾದೇನು?"

ಉಲ್ಟಾ ತಿರುವಿದೆವು. ಕಿರ್ರೆಂದು ಬಿಚ್ಚಿಕೊಂಡಿತು. ಆ ಬದಿಯ ತಿರುಪಿನ ಮರೆಯೇ ತಿರುವುಮುರುವು. ಇಷ್ಟು ಹೊತ್ತೂ ನಾವು ಅದನ್ನು ಬಿಗಿ ಮಾಡುತ್ತಲೇ ಇದ್ದೆವು. ಆಗಲೇ ಅಣ್ಣನ ಫೋನು ಬಂತು. ವೈನಿ ಎಣ್ಣೆಯ ಕೈಯಲ್ಲೇ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು "ಹೂಂ... ಕಿತ್ತಿದ್ರು... ಭಾಳ ಗಟ್ಟಿ ಇತ್ತು..." ಎಂದು ನರಳಿದಳು. ನಾನು ನೀರಿನ ಟಾಕಿಯ ಹಿಂದೆ ಓಡಿಹೋಗಿ ಬಾಯಿ ಮುಚ್ಚಿಕೊಂಡು ನಕ್ಕೆ.

ಗಾಲಿ, ಹ್ಯಾಂಡಲ್ಲು, ಸೀಟು ಗುಜರಿಯಲ್ಲಿ ಸಿಕ್ಕವು. ಹೆಬ್ಬೆರಳಿನಿಂದ ತಳ್ಳುವ ಹಳೇ ಗೇರಿನ ಕಡ್ಡಿಗಳು ಒಂದು ಸೈಕಲ್ ಅಂಗಡಿಯ ಅಟ್ಟದ ಮೇಲೆ, ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇದ್ದವು. ಅಂಗಡಿಯ ಮಿಸ್ತ್ರಿಗೆ ನಮ್ಮ ಸೈಕಲ್ಲು ನೋಡಿ ಸಮಾಧಾನವಿಲ್ಲ. "ಮೇಡಂ, ಲೇಡೀಸ್ ಕು ಬಾಸ್ಕೆಟ್ ಹೋನಾ," ಎಂದ. ಬುಟ್ಟಿ ಬೇಡವೆಂದೆವು. ಕ್ಯಾರಿಯರ್? ಬೇಡ. ಮಡ್‌ಗಾರ್ಡ್? ಬೇಡ. ಕೊನೆಗೆ ನಾವು ಬೇರೆ ಕಡೆ ನೋಡುತ್ತಿದ್ದಾಗ ಒಂದು ಗಂಟೆಯನ್ನು ಹ್ಯಾಂಡಲ್ಲಿಗೆ ಬಿಗಿದೇ ಬಿಟ್ಟ.

ಬಣ್ಣ ವೈನಿಯ ಹಟ. ಬಣ್ಣದಂಗಡಿಗೆ ನಮ್ಮ ತೋಟದ ಕೆಂಪು ಬಾಳೆಹಣ್ಣೊಂದನ್ನು ಒಯ್ದು ಗಲ್ಲೆಯ ಮೇಲೆ ಇಟ್ಟು "ಇದೇ ಬೇಕ್ರಿ" ಎಂದಳು. ಅಂಗಡಿಯವನು ಬಹಳ ಹೊತ್ತು ಕಲೆಸಿ, ಹಣ್ಣಿನ ಪಕ್ಕ ಹಚ್ಚಿ ನೋಡಿ ಸರಿಮಾಡಿದ. ಆಮೇಲೆ ಸ್ಯಾಂಪಲ್ಲನ್ನು ಸುಲಿದು ತಿಂದ.

ಸೈಕಲ್ಲು ಎದ್ದು ನಿಂತ ಭಾನುವಾರ ಅದನ್ನು ಟೆಂಪೊದಲ್ಲಿ ಮಹಾಗಾಂವದವರೆಗೆ ಒಯ್ದು, ಅಲ್ಲಿಂದ ತುಳಿದೆ. ಎರಡೂ ಕಡೆ ತೊಗರಿ ಹೂಬಿಟ್ಟಿತ್ತು. ಏರು ಬಂದಾಗ ಗೇರು ಇಳಿಸಿದೆ. ಸರಪಳಿ ಒಮ್ಮೆ ಗೊಣಗಿ ಸುಮ್ಮನಾಯಿತು, ಕಾಲು ಹಗುರಾದವು. ಯಾರೂ ಇಲ್ಲದ ಕಡೆ ಆ ಗಂಟೆಯನ್ನು ಸುಮ್ಮಸುಮ್ಮನೆ ಬಾರಿಸಿದೆ.

ಅಣ್ಣ ಕಮಲಾಪುರದ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಗೆಳೆಯರೊಂದಿಗೆ ಕೂತಿದ್ದ. ನನ್ನನ್ನು ನೋಡಿ ಎದ್ದುಬಂದ. ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದ, ಬೆರಳಿನಿಂದ ಫ್ರೇಮು ತಟ್ಟಿದ, ಮುಖ ಕಿವುಚಿದ.

"ಬಣ್ಣ ಅಷ್ಟೇ ನೋಡ್ರಪಾ. ಈಗಿನ ಕಬ್ಬಿಣ ಅದ, ತೂಕಾ ಇಲ್ಲ. ನಂದಿತ್ತಲ್ಲ, ಅದರ ಖದರೇ ಬ್ಯಾರೆ!"

"ಹೌದಾ ಅಣ್ಣಾ? ಫರಕ್ ಏನದ?" ಎಂದೆ, ಮುಗ್ಧಳಂತೆ.

"ಬಾ ಮನಿಗಿ, ತೋರಸ್ತೀನಿ. ನೀವೂ ಬರ್ರಪಾ."

ಗೆಳೆಯರೆಲ್ಲ ಹಿಂದೆ ಬಂದರು. ವೈನಿ ಬಾಗಿಲಲ್ಲಿ ನಿಂತಿದ್ದವಳು ಮೆರವಣಿಗೆ ನೋಡಿ ಒಳಗೆ ಓಡಿದಳು. ಅಣ್ಣ ಏಣಿ ಹತ್ತಿ, ಗಂಟನ್ನು ಕೂಸಿನಂತೆ ಎದೆಗೆ ಒತ್ತಿಕೊಂಡು ಇಳಿಸಿ, ಹಗ್ಗ ಬಿಚ್ಚಿ, ಗೋಣಿ ಸರಿಸಿದ. ಮುರಿದ ಕುರ್ಚಿ ಕಾಲು ಚಾಚಿಕೊಂಡಿತು.

ಗೆಳೆಯರು ಬಗ್ಗಿ ನೋಡಿದರು. ಒಬ್ಬ ಗೆಳೆಯ ಮೆಲ್ಲಗೆ "ಇದರ ಮ್ಯಾಲ ಬಸ್ಸಿಗಿ ಹಿಂದ ಹಾಕಿದ್ದೇನು?" ಎಂದ. ಅಣ್ಣ ಕುರ್ಚಿ ನೋಡಿದ, ಅಂಗಳದಲ್ಲಿದ್ದ ಸೈಕಲ್ಲು ನೋಡಿದ, ಚಹಾದ ತಾಟು ಹಿಡಿದು ಬಂದ ಹೆಂಡತಿಯನ್ನು ನೋಡಿದ.

"ನಿನ್ನ ಹಲ್ಲು?" ಎಂದ.

"ಎಲ್ಲಾ ಅವರಿ," ಎಂದು ವೈನಿ ಹಲ್ಲು ಕಿರಿದು ತೋರಿಸಿದಳು.

ಗೆಳೆಯರು ನಗುತ್ತಲೇ ಹೋದರು. ಅಣ್ಣ ಊಟದ ಹೊತ್ತಾದರೂ ಒಳಗೆ ಬರಲಿಲ್ಲ. ನನಗೆ ಅಳುಕಾಯಿತು; ತಮಾಷೆ ಅತಿಯಾಯಿತೇನೋ ಎಂದು ಹೊರಗೆ ಬಂದೆ. ಅವನು ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೇಲಿನ ಕೊಳವೆಯ ಬೆಸುಗೆಯ ಮೇಲೆ ಬೆರಳಾಡಿಸುತ್ತಿದ್ದ.

"ಕೂಡಸ್ತೀನಿ ಕೂಡಸ್ತೀನಿ ಅಂತಿದ್ದೆ ಖರೆ," ಎಂದ, ತಲೆ ಎತ್ತದೆ. "ಆದ್ರ ಎಲ್ಲಿಂದ ಶುರು ಮಾಡಬೇಕಂತ ತಿಳೀತಿದ್ದಿಲ್ಲ ನೋಡು ತಂಗಿ. ಬಣ್ಣ ಚಂದ ಹಚ್ಚೀರಿ."

"ವೈನಿ ಆರ್ಸಿದ್ದು," ಎಂದೆ.

ಅವನು ಸೈಕಲ್ಲು ಹತ್ತಿ ಗೇಟು ದಾಟಿದ. ಹಳೇ ಅಭ್ಯಾಸದಲ್ಲಿ ಎರಡೂ ಗೇರುಗಳನ್ನು ಒಮ್ಮೆಲೇ ತಳ್ಳಿದನೆಂದು ಕಾಣುತ್ತದೆ, ಕರಕರ ಸದ್ದಿನೊಂದಿಗೆ ಸರಪಳಿ ಕಳಚಿ ಬಿತ್ತು. ನಾನು ಹೊರಡುವ ಮೊದಲೇ ವೈನಿ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಇಳಿದಿದ್ದಳು. ಸರಪಳಿಯನ್ನು ಹಲ್ಲಿನ ಮೇಲೆ ಕೂರಿಸಿ, ಪೆಡಲು ತಿರುಗಿಸಿ, "ಹಂಗ ಒತ್ತಬಾರದ್ರಿ. ಎಡಗೈದು ಮುಂದಿಂದು, ಬಲಗೈದು ಹಿಂದಿಂದು. ಒಂದಾದ ಮ್ಯಾಲ ಒಂದು," ಎಂದು ಹೇಳಿಕೊಟ್ಟಳು. ಅವನು ತಲೆಯಾಡಿಸಿ, ಬಾಯಲ್ಲಿ ಅದನ್ನೇ ಒಪ್ಪಿಸಿಕೊಳ್ಳುತ್ತ, ನಿಧಾನವಾಗಿ ಬೀದಿಯ ಕೊನೆಯವರೆಗೆ ಹೋಗಿಬಂದ.

ಈಗ ಸೈಕಲ್ಲು ಕಮಲಾಪುರದಲ್ಲೇ ಇದೆ. ತೋಟಕ್ಕೆ ವೈನಿ ಒಯ್ಯುತ್ತಾಳೆ, ಸಂತೆಗೆ ಅಣ್ಣ ಒಯ್ಯುತ್ತಾನೆ. ನಾನು ಶನಿವಾರವೇ ಹೇಳಿಟ್ಟರೆ ಭಾನುವಾರ ಮುಂಜಾನೆ ನನಗೆ ಸಿಗುತ್ತದೆ, ಅದೂ ಇಬ್ಬರೂ ಒಪ್ಪಿದರೆ.