ಊಟದ ಮೇಲೆ

ನಿನ್ನೆ ಬೆಳಿಗ್ಗೆ ಹಾಲು ಕಾಯಿಸಿದೆ. ನೀರಿನ ಲಾರಿ ಬರುವ ಮುಂಚೆ ಡ್ರಮ್ಮು ತೊಳೆದಿಟ್ಟೆ. ತಿಂಡಿ ಆದ ಮೇಲೆ ಅತ್ತೆಗೆ ಸ್ನಾನ ಮಾಡಿಸಿ, ತಲೆ ಬಾಚಿ, ಹಣೆಗೆ ವಿಭೂತಿ ಇಟ್ಟೆ. ಬಿಸಿಲೇರುವ ಹೊತ್ತಿಗೆ ದೋಸೆಗೆ ಅಕ್ಕಿ ನೆನೆಹಾಕಿದೆ. ಮಧ್ಯಾಹ್ನ ಊಟದ ಮೇಲೆ ಒಣಗಿದ ಬಟ್ಟೆ ಮಡಿಸಿದೆ. ಸಂಜೆ ನುಗ್ಗೆಸೊಪ್ಪು ಬಿಡಿಸಿದೆ. ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ಸುಳ್ಳಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೊತ್ತು ಹೇಳಿ, ಆಮೇಲೆ ನಡೆದದ್ದನ್ನು ಹೇಳುವ ಈ ಚಾಳಿ ನನಗೆ ಅಂಟಿದ್ದು ಇಂಗ್ಲಿಷಿನಿಂದ. ಹಾಗೆಂದರೆ ನಾನೇನೋ ಇಂಗ್ಲಿಷ್ ಓದಿಕೊಂಡವಳು ಎಂದುಕೊಳ್ಳಬೇಡಿ. ನಾನು ಓದಿದ್ದು ತಿಪಟೂರಿನ ಕನ್ನಡ ಶಾಲೆಯಲ್ಲಿ. ಕೊಬ್ಬರಿ ವ್ಯಾಪಾರದವರ ಮನೆಗೆ ಸೊಸೆಯಾಗಿ ಚೆನ್ನೈಗೆ ಬಂದೆ. ಇಲ್ಲಿ ತ್ರಿಪ್ಲಿಕೇನಿನ ಮೀನು, ಮಲ್ಲಿಗೆ, ಫಿಲ್ಟರ್ ಕಾಫಿಗಳ ಬೆರಕೆ ವಾಸನೆಯ ಓಣಿಯಲ್ಲಿ ತಮಿಳನ್ನು ಕಿವಿಯಿಂದ ಕಲಿತೆ. ಆಡುತ್ತೇನೆ, ಬರೆಯಲು ಬರದು. ಹಾಗಾಗಿ ಬರವಣಿಗೆಯ ಕಷ್ಟಕ್ಕೆ ಇಂಗ್ಲಿಷೇ ಗತಿ.

ಆ ಕಷ್ಟ ಬಂದದ್ದು ಹೀಗೆ. ಕಳೆದ ವರ್ಷ ಅತ್ತೆಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಬಹುಪಾಲು ವಾಪಸು ಬಂದವು, ಮಾತು ಬರಲಿಲ್ಲ. ಮಾವ ಇದ್ದಾಗ ಕೊಬ್ಬರಿ ಮಂಡಿಯ ಗಲ್ಲಾದ ಪಕ್ಕ ಕೂತು ಕನ್ನಡ ತಮಿಳು ಎರಡರಲ್ಲೂ ಗಿರಾಕಿಗಳನ್ನು ಗದರಿಸುತ್ತಿದ್ದ ಹೆಂಗಸು ಅವರು. ಒಣಗಿದ ತೆಂಗಿನಕಾಯಿಯ ಗಿಟುಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉರುಳುವುದು ಕೇಳಿಸುತ್ತದಲ್ಲ, ಈಗ ಅವರ ಮಾತು ಹಾಗಾಗಿದೆ. ಒಳಗೆ ಉರುಳುವುದು ನಮಗೆಲ್ಲ ಕೇಳುತ್ತದೆ, ಹೊರಗೆ ಬೀಳುವುದಿಲ್ಲ. "ಬೆಳಿಗ್ಗೆ..." ಎನ್ನುತ್ತಾರೆ. ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಅಲ್ಲಿಗೆ ವಾಕ್ಯ ನಿಂತುಬಿಡುತ್ತದೆ.

ಮಾತು ಕಲಿಸಲು ವಾರಕ್ಕೊಮ್ಮೆ ಸೆಲ್ವಿ ಎಂಬ ಹುಡುಗಿ ಮನೆಗೆ ಬರುತ್ತಾಳೆ. ಅತ್ತೆ ದಿನವಿಡೀ ಏನು ಮಾಡಿದರು, ಏನು ಅಂದರು ಎಂದು ನಾನು ಸಂಜೆ ಸಂಜೆ ಅವಳಿಗೆ ವಾಟ್ಸಾಪಿನಲ್ಲಿ ಬರೆಯಬೇಕು. ಮೊದಲ ದಿನ ಬಹಳ ಯೋಚಿಸಿ ಬರೆದೆ: "ಆನ್ ಲಂಚ್ ಶಿ ಸ್ಲೆಪ್ಟ್." ಊಟದ ಮೇಲೆ ಮಲಗಿದರು. 'ಮೇಲೆ' ಎಂದರೆ 'ಆನ್' ಎಂದು ನಮ್ಮ ಮೇಷ್ಟ್ರು ಮೇಜಿನ ಮೇಲೆ ಪುಸ್ತಕ ಇಟ್ಟು ತೋರಿಸಿದ್ದರು. ಸೆಲ್ವಿ ಕೂಡಲೇ ಫೋನ್ ಮಾಡಿದಳು.

"ಆಂಟಿ, ಪಾಟಿ ಸಾಪ್ಪಾಟ್ ಮೇಲಯಾ ಪಡುತ್ತಾಂಗ?"

ಅಜ್ಜಿ ಅನ್ನದ ಮೇಲೇ ಮಲಗಿಬಿಟ್ಟರಾ ಎಂದು ಅವಳ ಗಾಬರಿ. ಕಾಲೇಜಿಗೆ ಹೋಗುವ ನನ್ನ ಮಗಳು ಸಹನಾ ಇದನ್ನು ಕೇಳಿಸಿಕೊಂಡು ಸೋಫಾದಿಂದ ಜಾರುವಷ್ಟು ನಕ್ಕಳು. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಮ್ಮಾ, ಆಫ್ಟರ್ ಲಂಚ್, ಕಾಮಾ. ಅಪ್ಪುರಂ ತಾನ್ ಮಿಚ್ಚಂ. ಕಾಮಾ ಪೋಡಲನ್ನಾ ಮೂಚ್ಚು ಮುಟ್ಟುಂ!" ಮಿಕ್ಕದ್ದೆಲ್ಲ ಕಾಮಾ ಆದ ಮೇಲೇ, ಅದನ್ನು ಹಾಕದಿದ್ದರೆ ಓದುವವರಿಗೆ ಉಸಿರು ಕಟ್ಟುತ್ತದಂತೆ.

ಅಂದಿನಿಂದ ಆ ಪುಟ್ಟ ಪದಗಳ ಹಿಂದೆ ಬಿದ್ದೆ. ನಮ್ಮಲ್ಲಿ 'ಮೇಲೆ', 'ಮುಂಚೆ', 'ಒಳಗೆ' ಎಲ್ಲವೂ ಸಂಭಾವಿತ ಅಳಿಯಂದಿರ ಹಾಗೆ ಹೆಸರಿನ ಹಿಂದೆ ನಡೆದು ಬರುತ್ತವೆ. ಇಂಗ್ಲಿಷಿನಲ್ಲಿ ಅವು ದಿಬ್ಬಣದ ಓಲಗದವರಂತೆ ಮುಂದೆ. ಅದೂ ಒಂದು ನೀತಿಯಿಲ್ಲದೆ. ಬೆಳಿಗ್ಗೆಗೆ 'ಇನ್', ರಾತ್ರಿಗೆ 'ಅಟ್', ಭಾನುವಾರಕ್ಕೆ 'ಆನ್'. ಅಂದರೆ ಬೆಳಗಿನ ಒಳಗೆ ಹೋಗಬೇಕು, ರಾತ್ರಿಯ ಬಾಗಿಲಲ್ಲಿ ನಿಲ್ಲಬೇಕು, ಭಾನುವಾರದ ಮೇಲೆ ಹತ್ತಿ ಕೂರಬೇಕು. ಯಾಕೆ ಎಂದು ಸಹನಾಳನ್ನು ಕೇಳಿದರೆ, "ಅಪ್ಪಡಿ ತಾಮ್ಮಾ" ಎಂದಳು. ಹಾಗೇ ಅಮ್ಮಾ ಎಂದರ್ಥ. ಎಲ್ಲ ವ್ಯಾಕರಣದ ಕೊನೆಯ ಸೂತ್ರವೂ ಅದೇ ಇರಬೇಕು.

ಅಭ್ಯಾಸವಾದ ಮೇಲೆ ಅದರ ರುಚಿಯೂ ಹತ್ತಿತು. ಮುಂದೆ ಹೊತ್ತನ್ನು ನಿಲ್ಲಿಸಿ, ಒಂದು ಕಾಮಾ ಹಾಕಿ, ಭೂತಕಾಲದ ಕ್ರಿಯಾಪದ ಇಟ್ಟರೆ ಎಂಥ ಸಣ್ಣ ಸಂಗತಿಗೂ ಚರಿತ್ರೆಯ ಗತ್ತು ಬರುತ್ತದೆ. "ಆನ್ ಟ್ಯೂಸ್‌ಡೇ, ಶಿ ರೆಫ್ಯೂಸ್ಡ್ ಉಪ್ಪಿಟ್ಟು." ಶಾಲೆಯ ಚರಿತ್ರೆ ಪುಸ್ತಕದಲ್ಲಿ ರಾಣಿಯರು ಸಂಧಾನವನ್ನು ತಳ್ಳಿಹಾಕುತ್ತಿದ್ದುದು ಇದೇ ಧಾಟಿಯಲ್ಲಿ. ಅತ್ತೆಯ ಮುಖ ನೋಡಿದರೆ ಗತ್ತೇನೂ ಕಡಿಮೆ ಇರಲಿಲ್ಲ.

ಸೆಲ್ವಿ ಕೊಟ್ಟ ಅಭ್ಯಾಸವೂ ಇದರದ್ದೇ. ನಾನು ಹೊತ್ತನ್ನಷ್ಟೇ ಹೇಳಿ ನಿಲ್ಲಿಸಬೇಕು, ಅತ್ತೆ ಮುಗಿಸಬೇಕು. ಅವಳ ಚೀಟಿಗಳು ಇಂಗ್ಲಿಷಿನಲ್ಲಿದ್ದವು, ನಾನು ಕನ್ನಡಕ್ಕೆ ತಿರುಗಿಸಿಕೊಂಡೆ. ಕೆಲಸ ಸುಲಭ ಎನಿಸಿತು. ಆದರೆ ನನ್ನ ಹಿಂದೆಯೇ ಅತ್ತೆ "ಬೆಳಿಗ್ಗೆ..." ಎಂದು ನಿಂತ ಕೂಡಲೇ ನನ್ನ ಬಾಯಿ ತಾನಾಗಿ "ಕಾಫಿ ಕುಡಿದೆ" ಎಂದುಬಿಡುತ್ತಿತ್ತು. ಮಗಳು ಇನ್ನೂ ಮುಂದೆ ಹೋಗಿ ಕಾಫಿಯನ್ನೇ ತಂದುಕೊಡುತ್ತಿದ್ದಳು. ಸೆಲ್ವಿ ಕಣ್ಣು ಬಿಟ್ಟು ಹೇಳಿದಳು, "ಆಂಟಿ, ನೀಂಗ ಸೊಲ್ಲಕೂಡಾದು. ವೆಯಿಟ್ ಪಣ್ಣುಂಗ." ನೀವು ಹೇಳಬಾರದು, ಕಾಯಿರಿ. ಇಪ್ಪತ್ತೈದು ವರ್ಷ ಈ ಮನೆಯಲ್ಲಿ ಅತ್ತೆ ನನ್ನ ಮಾತನ್ನು ಮುಗಿಸಿದ್ದಾರೆ. ಈಗ ಅವರ ಮಾತನ್ನು ಮುಗಿಸುವ ಅವಕಾಶ ಸಿಕ್ಕಾಗ ಬಿಡುವುದು ಸುಲಭವಲ್ಲ ಸ್ವಾಮಿ.

ಹೋದ ವಾರ ಸೆಲ್ವಿ ಒಂದು ಹಲಗೆ ತಂದಳು. ಅದರ ಮೇಲೆ ಚಿತ್ರಗಳು: ಕಾಫಿ ಲೋಟ, ಅನ್ನದ ತಟ್ಟೆ, ಹಾಸಿಗೆ, ಬಚ್ಚಲು. ಬೇಕಾದ್ದಕ್ಕೆ ಬೆರಳಿಟ್ಟರೆ ಆಯಿತು. ಮುಂದಿನ ಸಲ ತಾನು ಬರುವಷ್ಟರಲ್ಲಿ ಒಂದಾದರೂ ವಾಕ್ಯವನ್ನು ಅತ್ತೆ ತಾವೇ ಮುಗಿಸದಿದ್ದರೆ ಸದ್ಯಕ್ಕೆ ಹಲಗೆಯನ್ನೇ ಹಿಡಿಯೋಣ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅತ್ತೆ ಆ ಹಲಗೆಯನ್ನು ಎರಡು ಕಡೆಯೂ ತಿರುಗಿಸಿ ನೋಡಿ, ನಿಧಾನವಾಗಿ ಎದ್ದುಹೋಗಿ ಅದನ್ನು ಮಜ್ಜಿಗೆ ಪಾತ್ರೆಗೆ ಮುಚ್ಚಿ ಬಂದರು. ನನ್ನ ಅಂಜಿಕೆಯೂ ಆ ಹಲಗೆಯದ್ದೇ. ಬೆರಳಿಗೆ ಉತ್ತರ ಸಿಗುವಾಗ ಬಾಯಿಗಾಗಿ ಕಾಯುವವರು ಯಾರು? ಹಲಗೆ ಬಂದರೆ ಅತ್ತೆ ಮಾತು ಬಿಡುವುದಕ್ಕಿಂತ ಮೊದಲು ನಾವು ಕಾಯುವುದನ್ನು ಬಿಡುತ್ತೇವೆ.

ಸೆಲ್ವಿ ಇವತ್ತು ಬರುವವಳು. ಹಾಗಾಗಿ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೊನೆಯದಾಗಿ ಒಮ್ಮೆ ನೋಡೋಣ ಎಂದುಕೊಂಡೆ. ಮಂಡಿಯಿಂದ ಬಂದ ನಮ್ಮವರು ತಟ್ಟೆಯ ಮುಂದೆ ಕೂತೇ ತಕರಾರು ತೆಗೆದಿದ್ದರು. "ಮಧ್ಯಾಹ್ನ ಮೂರ್ ಸಲ ಫೋನ್ ಮಾಡ್ದೆ, ಎಲ್ ಹೋಗಿದ್ದೆ?"

"ಬಟ್ಟೆ ಮಡಿಸ್ತಿದ್ದೆ ಕಣ್ರೀ, ಕೇಳ್ಸಿಲ್ಲ," ಎಂದು ಹೇಳಿ, ಅತ್ತೆಯ ಕಡೆ ತಿರುಗಿ ಅಭ್ಯಾಸ ಶುರುಮಾಡಿದೆ. "ಅತ್ತೆ, ಮಧ್ಯಾಹ್ನ ಊಟ ಆದ್ಮೇಲೆ..."

ನಿಲ್ಲಿಸಿದೆ. ಇಂಗ್ಲಿಷಿನವರು ಕಾಮಾ ಹಾಕುವ ಜಾಗ ಅದು. ಸಹನಾ ಬಾಯಿ ತೆರೆದಳು, ಅವಳ ಮೊಣಕಾಲು ಒತ್ತಿ ಹಿಡಿದೆ. ಫ್ಯಾನು ಕಿರುಗುಟ್ಟಿತು. ಕೆಳಗೆ ಯಾರೋ ಸ್ಕೂಟರ್ ಒದೆದು ಒದೆದು ಹೊರಡಿಸಿದರು. ಮುದ್ದೆ ಆರುತ್ತಿತ್ತು. ಅತ್ತೆಯ ಕೈ ಗಾಳಿಯಲ್ಲಿ ಹುಡುಕಿತು, ಹುಡುಕಿತು, ಕೊನೆಗೆ ನೇರವಾಗಿ ನನ್ನ ಕಡೆ ಬಂದು ನಿಂತಿತು.

"ಊಟ ಆದ್ಮೇಲೆ... ಇವ್ಳು... ಮಲ್ಗಿದ್ಲು."

ಅತ್ತೆಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. "ಗೊರ್ಕೆ," ಎಂದು ಸೇರಿಸಿದರು.

"ಅಮ್ಮಾ, ನೀ ಮಾಟ್ಟಿಕ್ಕಿಟ್ಟೇ!" ಸಿಕ್ಕಿಬಿದ್ದೆ ಎಂದು ಸಹನಾ ಚಪ್ಪಾಳೆ ತಟ್ಟಿದಳು. ನಮ್ಮವರು ಕುರ್ಚಿಯ ಮೇಲೆ ಮಡಿಸದೆ ಬಿದ್ದಿದ್ದ ಬಟ್ಟೆಯ ರಾಶಿಯನ್ನು ನೋಡಿದರು, ತಾಯಿಯನ್ನು ನೋಡಿದರು. ನಗಲು ಹೊರಟವರು ಕಣ್ಣೊರೆಸಿಕೊಂಡರು.

ಒಂದು ಮಾತು ಒಪ್ಪಬೇಕು. ಇಂಗ್ಲಿಷಿನ 'ಸ್ಲೆಪ್ಟ್' ಬಹಳ ಸಭ್ಯ ಪದ. ಅವನು ಮಲಗಲಿ, ಅವಳು ಮಲಗಲಿ, ನಾನು ಮಲಗಲಿ, ಅದರ ರೂಪ ಒಂದೇ, ಯಾರನ್ನೂ ಹಿಡಿದುಕೊಡುವುದಿಲ್ಲ. ಇಂಗ್ಲಿಷು ಹೊತ್ತನ್ನು ಮುಂಬಾಗಿಲಲ್ಲಿ ಸಾರಿ ಸುಮ್ಮನಾಗುತ್ತದೆ. ನಮ್ಮ ಕನ್ನಡ ಕೊನೆಯ ಅಕ್ಷರದವರೆಗೂ ಕಾಯಿಸಿ, ಬಾಲದಲ್ಲಿ ಕಳ್ಳರನ್ನು ಕಟ್ಟಿ ತರುತ್ತದೆ. ವರ್ಷವಿಡೀ ಉರುಳಿ ಹೊರಬಿದ್ದ ಅತ್ತೆಯ ವಾಕ್ಯದಲ್ಲಿ ಹೊತ್ತು ಸರಿಯಿತ್ತು, ಕಾಲ ಸರಿಯಿತ್ತು, ಕೊನೆಯ ಆ 'ಲು' ಕೂಡ ತಪ್ಪಿರಲಿಲ್ಲ. ಸೆಲ್ವಿಗೆ ಬರೆದೆ: "ಅಟ್ ಡಿನ್ನರ್, ಶಿ ಟೋಲ್ಡ್ ದಿ ಟ್ರೂತ್." ಕಾಮಾ ಮರೆಯಲಿಲ್ಲ.

ರಾತ್ರಿ ತಿಂದದ್ದು ರಾಗಿಮುದ್ದೆ, ನುಗ್ಗೆಸೊಪ್ಪಿನ ಸಾರು. ಅತ್ತೆಗೆ ಮೇಲೊಂದು ಬಾಳೆಹಣ್ಣು. ಮಜ್ಜಿಗೆ ಬಡಿಸುವಾಗ ಪಾತ್ರೆಯ ಮೇಲಿದ್ದ ಹಲಗೆಯನ್ನು ತೆಗೆದು ತೊಳೆದು, ಸೆಲ್ವಿಗೆ ವಾಪಸು ಕೊಡಲು ಬಾಗಿಲ ಹತ್ತಿರ ಒರಗಿಸಿಟ್ಟೆ. ಆಮೇಲೆ ಬಟ್ಟೆಯನ್ನೂ ಮಡಿಸಿದೆ, ಅತ್ತೆ ನೋಡುತ್ತಾ ಕೂತಿದ್ದರು. ಮೊದಲು ಮಲಗಿದ್ದು ಯಾರು ಎಂಬುದನ್ನು ಇಂಗ್ಲಿಷಿನಲ್ಲಾದರೆ ಮುಚ್ಚಿಡಬಹುದಿತ್ತು. ದೀಪ ಆರಿಸುವ ಮುಂಚೆಯೇ, ಎಲ್ಲರಿಗಿಂತ ಮೊದಲು, ನಿದ್ದೆ ಹೋದೆ.